ಕಾಸರಗೋಡಿನ ಹಳೇ ಚೈನೀಸ್ ಹೋಟೆಲ್: ಮಧ್ಯಾಹ್ನ ಹೋಗುವವರಿಗೆ

ಮೊದಲು ತೀರ್ಪು ಹೇಳಿಬಿಡುತ್ತೇವೆ. ಎಂ.ಜಿ. ರೋಡಿನಿಂದ ಒಳಗೆ ತಿರುಗುವ ದಾರಿಯಲ್ಲಿರುವ ಈ ಹಳೇ ಚೈನೀಸ್ ಹೋಟೆಲಿನಲ್ಲಿ ಆಗಿಂದಾಗ ಬೆಂಕಿಯ ಮೇಲೆ ಆಗುವುದೆಲ್ಲ ಚೆನ್ನಾಗಿದೆ; ಬೆಳಿಗ್ಗೆ ಮಾಡಿಟ್ಟು ಮಧ್ಯಾಹ್ನ ಬಿಸಿ ಮಾಡಿ ಕೊಡುವುದೆಲ್ಲ ಸಾಧಾರಣ. ಮೆನುವಿನಲ್ಲಿ ಎರಡೂ ಒಟ್ಟಿಗೇ ಇವೆ, ದರದಲ್ಲೂ ದೊಡ್ಡ ಅಂತರವಿಲ್ಲ. ಯಾವುದು ಯಾವ ಬಗೆಯದ್ದು ಎಂದು ಗೊತ್ತಿದ್ದವರಿಗೆ ಈ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಫ್ರೈಡ್ ರೈಸ್ ಸಿಗಲಿಕ್ಕಿಲ್ಲ. ಗೊತ್ತಿಲ್ಲದೆ ಹೋದವರು ‘ಹೆಸರು ಕೇಳಿ ಹೋದೆವು, ಅಂಥಾದ್ದೇನೂ ಇಲ್ಲ’ ಎಂದು ಹೇಳಿಕೊಂಡು ಹೊರಗೆ ಬರುತ್ತಾರೆ. ಇಬ್ಬರ ಮಾತೂ ಸರಿಯೇ.

ಹೋಗುವ ಹೊತ್ತು ಎಲ್ಲಕ್ಕಿಂತ ಮುಖ್ಯ. ಕೌಂಟರಿನ ಪಕ್ಕದಲ್ಲಿ ಅಡುಗೆಮನೆಯ ಕಿಂಡಿ ಇದೆ. ಅಲ್ಲಿಂದ ನೋಡಿದರೆ ಎರಡು ಹೈ ಪ್ರೆಶರ್ ಒಲೆ ಕಾಣುತ್ತವೆ. ಒಂದರಲ್ಲಿ ಫ್ರೈಡ್ ರೈಸ್ ಮತ್ತು ನೂಡಲ್ಸ್, ಇನ್ನೊಂದರಲ್ಲಿ ಚಿಲ್ಲಿ, ಮಂಚೂರಿ, ಸೂಪು. ಕರಿಯುವ ಬಾಣಲೆ ಹಿಂದುಗಡೆ ಬೇರೆ. ಅಂದರೆ ತುಂಬಿದ ಹೋಟೆಲಿಗೆ ಎರಡೇ ಬಾಣಲೆ, ಇಬ್ಬರೇ ಅಡುಗೆಯವರು. ಹನ್ನೆರಡೂವರೆಗೆ ಕೂತರೆ ನಿಮ್ಮ ಪ್ಲೇಟು ಒಂದೇ ಬಾಣಲೆಯಲ್ಲಿ ಒಂದೇ ಆಗಿ ತಯಾರಾಗುತ್ತದೆ. ಒಂದೂಕಾಲು ದಾಟಿದ ಮೇಲೆ ಬ್ಯಾಂಕಿನವರು, ಬಟ್ಟೆ ಅಂಗಡಿಯವರು, ವಿದ್ಯಾನಗರದಲ್ಲಿ ಕಲೆಕ್ಟರೇಟಿನ ಕೆಲಸ ಮುಗಿಸಿ ಪೇಟೆಗೆ ಬಂದವರು ಎಲ್ಲ ಒಟ್ಟಿಗೆ ಕೂರುತ್ತಾರೆ. ಆಗ ಮೂರು ನಾಲ್ಕು ಪ್ಲೇಟನ್ನು ಒಂದೇ ಸಲ ಬಾಣಲೆಗೆ ಹಾಕದೆ ಅಡುಗೆಯವರಿಗೆ ಬೇರೆ ದಾರಿಯಿಲ್ಲ. ರುಚಿ ಕೆಡುವುದು ಅಲ್ಲಿ.

ಹೇಗೆ ಕೆಡುತ್ತದೆ ಎಂದು ತಿಳಿಯಲು ಫ್ರೈಡ್ ರೈಸ್ ಆಗುವ ಕ್ರಮ ನೋಡಬೇಕು. ಒಂದು ಫುಲ್ ಪ್ಲೇಟಿಗೆ ಹೆಚ್ಚುಕಡಿಮೆ 450 ಗ್ರಾಂ ಬೆಂದ ಅನ್ನ ಹೋಗುತ್ತದೆ. ಬಾಣಲೆ ತೆಳು ಕಬ್ಬಿಣದ್ದು, ಎಣ್ಣೆ ಕುಡಿದು ಕುಡಿದು ಒಳಗೆಲ್ಲ ಕಪ್ಪಾಗಿ ಪಳಗಿದ್ದು. ಅದು ಹೊಗೆಯಾಡುವಷ್ಟು ಕಾದ ಮೇಲೆ ಎರಡು ಚಮಚ ಎಣ್ಣೆ, ಕೂಡಲೇ ಮೊಟ್ಟೆ, ಮೊಟ್ಟೆ ಅರ್ಧ ಗಟ್ಟಿಯಾಗುವಾಗಲೇ ಜಜ್ಜಿದ ಬೆಳ್ಳುಳ್ಳಿ, ಅದರ ಹಿಂದೆಯೇ ಸಣ್ಣಗೆ ಹೆಚ್ಚಿದ ಕ್ಯಾರೆಟ್ ಮತ್ತು ಬೀನ್ಸ್, ಕೊನೆಗೆ ಕ್ಯಾಬೇಜ್. ತರಕಾರಿಗೆ ಅರ್ಧ ನಿಮಿಷ ಸಾಕು. ಆಮೇಲೆ ಅನ್ನ, ಉಪ್ಪು, ಬಿಳಿ ಮೆಣಸಿನ ಪುಡಿ. ಸೋಯಾ ಸಾಸನ್ನು ಅನ್ನದ ಮೇಲೆ ಸುರಿಯುವುದಿಲ್ಲ, ಬಾಣಲೆಯ ಅಂಚಿನ ಸುತ್ತ ಬಿಡುತ್ತಾರೆ. ಕಾದ ಕಬ್ಬಿಣಕ್ಕೆ ತಾಗಿ ಅದು ಚುರ್ ಎಂದು ಸುಡುವಾಗ ಏಳುವ ಪರಿಮಳ ಅನ್ನಕ್ಕೆ ಹಿಡಿಯಬೇಕು. ಈರುಳ್ಳಿ ಸೊಪ್ಪು ಎಸೆದು ಎರಡು ಸಲ ಹಾರಿಸಿ ಇಳಿಸಿದರೆ ಮುಗಿಯಿತು. ಅನ್ನ ಬಿದ್ದಲ್ಲಿಂದ ಲೆಕ್ಕ ಹಾಕಿದರೆ ಎರಡು ನಿಮಿಷದ ಕೆಲಸ.

ಈಗ ಇದೇ ಬಾಣಲೆಗೆ ನಾಲ್ಕು ಪ್ಲೇಟಿನ ಅನ್ನ, ಎಂದರೆ ಎರಡು ಕಿಲೋಕ್ಕೆ ಹತ್ತಿರ, ಒಂದೇ ಸಲ ಬಿದ್ದಿತು ಎನ್ನಿ. ಕಬ್ಬಿಣ ತಣಿಯುತ್ತದೆ. ತರಕಾರಿ ಬಿಟ್ಟ ನೀರು ಆವಿಯಾಗಿ ಹೋಗುವಷ್ಟು ಬಿಸಿ ಉಳಿಯುವುದಿಲ್ಲ. ಹುರಿಯಬೇಕಾದ ಅನ್ನ ಆ ನೀರಿನಲ್ಲೇ ಮತ್ತೊಮ್ಮೆ ಬೇಯುತ್ತದೆ. ಅಷ್ಟು ಭಾರ ಹಾರಿಸಲಿಕ್ಕೂ ಆಗದು, ಸೌಟಿನಲ್ಲಿ ಕೆದಕಬೇಕು, ಕೆದಕಿದರೆ ಅಗುಳು ಮುರಿಯುತ್ತದೆ. ಪ್ಲೇಟಿನಲ್ಲಿ ಇದರ ಗುರುತು ಸುಲಭ: ಸೋಯಾ ಒಂದು ಕಡೆ ಕಂದಾಗಿ ಇನ್ನೊಂದು ಕಡೆ ಅನ್ನ ಬೆಳ್ಳಗೆ ಇರುತ್ತದೆ, ಕ್ಯಾಬೇಜ್ ಮೆತ್ತಗಾಗಿರುತ್ತದೆ, ಚಮಚದಲ್ಲಿ ಎತ್ತಿದರೆ ಅನ್ನ ಉಂಡೆಯಾಗಿ ಬರುತ್ತದೆ, ತಟ್ಟೆಯ ತಳದಲ್ಲಿ ತೇವ ಕಾಣುತ್ತದೆ. ಹನ್ನೆರಡೂವರೆಯ ಪ್ಲೇಟಿನಲ್ಲಿ ಅಗುಳು ಬಿಡಿಬಿಡಿ, ಬೀನ್ಸ್ ಹಲ್ಲಿಗೆ ಕಟಕ್ಕೆನ್ನುತ್ತದೆ, ತಟ್ಟೆಯ ತಳ ಒಣಗಿರುತ್ತದೆ.

ಅಕ್ಕಿಯ ವಿಷಯದಲ್ಲಿ ಇವರು ರಾಜಿ ಮಾಡಿಕೊಂಡಿಲ್ಲ, ಅದನ್ನು ಮೆಚ್ಚಲೇಬೇಕು. ಬಾಸ್ಮತಿ ಸೆಲ್ಲಾ ಬಳಸುತ್ತಾರೆ. ನಮ್ಮ ಮನೆಗಳ ಕುಚ್ಚಲಕ್ಕಿ ಈ ಕೆಲಸಕ್ಕಾಗದು, ಅಗುಳು ದಪ್ಪ, ಒಳಗೆ ನೀರಿನ ಪಸೆ ಹೆಚ್ಚು. ಈ ಕಡೆ ಬಿರಿಯಾನಿಗೆ ಬಳಸುವ ಕೈಮ ಅಕ್ಕಿ ದಮ್ಮಿಗೆ ಸರಿ, ಬಾಣಲೆಯಲ್ಲಿ ಹಾರಿಸಿದರೆ ನುರಿಯುತ್ತದೆ. ಸೆಲ್ಲಾ ಒಮ್ಮೆ ಬೇಯಿಸಿ ಒಣಗಿಸಿದ ಅಕ್ಕಿಯಾದ್ದರಿಂದ ಪೆಟ್ಟು ತಡೆಯುತ್ತದೆ. ಧಾರಾಳ ನೀರಿನಲ್ಲಿ ಕುದಿಸಿ, ನಡುವಿನಲ್ಲಿ ಸಣ್ಣ ಗಟ್ಟಿ ಉಳಿದಿರುವಾಗಲೇ ಬಸಿದು, ಅಗಲ ಟ್ರೇಗಳಲ್ಲಿ ತೆಳ್ಳಗೆ ಹರಡಿ, ಫ್ಯಾನಿನ ಕೆಳಗೆ ಆರಿಸಿ ಫ್ರಿಜ್ಜಿಗಿಡುತ್ತಾರೆ. ತಣ್ಣಗಾದ ಅನ್ನದ ಮೇಲ್ಮೈ ಒಣಗಿ ಗಟ್ಟಿಯಾಗಿರುವುದರಿಂದಲೇ ಬಾಣಲೆಯಲ್ಲಿ ಅಂಟದು. ಆದರೆ ಆ ಆರಿಸುವ ಹೊತ್ತು ಸ್ವಲ್ಪವೇ ಇರಬೇಕು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಉಳಿದಿರುತ್ತದೆ, ಅಕ್ಕಿ ಕುದಿಸಿದರೂ ಅದು ಸಾಯುವುದಿಲ್ಲ. ಬೆಂದ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಅದು ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಎಷ್ಟು ಹುರಿದರೂ ಹೋಗದು. ಫ್ರೈಡ್ ರೈಸ್ ತಿಂದು ಒಂದೆರಡು ಗಂಟೆಯಲ್ಲಿ ವಾಂತಿ ಶುರುವಾದರೆ ಅನುಮಾನ ಪಡಬೇಕಾದ್ದು ಹೊರಗಿಟ್ಟ ಅನ್ನದ ಮೇಲೆ. ನಮ್ಮ ಕರಾವಳಿಯ ಸೆಕೆಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿ ಟ್ರೇಗಳು ಒಲೆಯ ಬುಡದಲ್ಲಿ ಬಿದ್ದಿರುವುದಿಲ್ಲ, ಬೇಕಾದಷ್ಟನ್ನೇ ಫ್ರಿಜ್ಜಿನಿಂದ ತೆಗೆದು ಹಾಕುತ್ತಾರೆ. ಕಿಂಡಿಯಲ್ಲಿ ನೋಡಬಹುದು, ಯಾರೂ ತಡೆಯುವುದಿಲ್ಲ.

ನೂಡಲ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಕ್ಕಾ ನೂಡಲ್ಸ್ ಸರಿಯಾಗಿದೆ, ಎಣ್ಣೆ ಒಂದು ಚಮಚ ಹೆಚ್ಚು. ಬೇಯಿಸಿದ ನೂಡಲ್ಸ್ ಅಂಟದಿರಲೆಂದು ಮೊದಲೇ ಎಣ್ಣೆ ಸವರಿಡುತ್ತಾರೆ. ಬಾಣಲೆಗೆ ಮತ್ತೆ ಅಷ್ಟೇ ಎಣ್ಣೆ ಹಾಕಿದರೆ ತಟ್ಟೆಯಲ್ಲಿ ಜಿಡ್ಡು ನಿಲ್ಲುತ್ತದೆ. ‘ಎಣ್ಣೆ ಕಡಿಮೆ’ ಎಂದು ಹೇಳಿದರೆ ಕಡಿಮೆ ಮಾಡಿಕೊಡುತ್ತಾರೆ.

ಸೂಪಿನಲ್ಲಿ ಹಾಟ್ ಆಂಡ್ ಸೋರ್ ತೆಗೆದುಕೊಳ್ಳಿ. 90 ರೂಪಾಯಿಗೆ ಒಂದು ಬೋಗುಣಿ, ಇಬ್ಬರು ಹಂಚಿಕೊಳ್ಳಬಹುದು. ಇದರಲ್ಲಿ ಕೆಲಸ ತಿಳಿದವರ ಕೈ ಕಾಣುತ್ತದೆ. ಹುಳಿಗೆ ವಿನೆಗರ್, ಖಾರಕ್ಕೆ ಬಿಳಿ ಮೆಣಸು, ಎರಡನ್ನೂ ಇಳಿಸುವ ಮುಂಚೆ ಹಾಕುತ್ತಾರೆ. ವಿನೆಗರನ್ನು ಮೊದಲೇ ಹಾಕಿ ಕುದಿಸಿದರೆ ಎರಡು ತೊಂದರೆ: ಹುಳಿಯ ಪರಿಮಳ ಹಾರಿಹೋಗುತ್ತದೆ, ಮತ್ತೆ ಆ ಹುಳಿಯಲ್ಲಿ ಬಹಳ ಹೊತ್ತು ಕುದಿದ ಕಾರ್ನ್‌ಫ್ಲೋರ್ ಹಿಡಿತ ಬಿಟ್ಟು ಸೂಪು ನೀರಾಗುತ್ತದೆ. ಒಂದು ಬೋಗುಣಿಗೆ ಒಂದು ಚಮಚ ಕಾರ್ನ್‌ಫ್ಲೋರ್ ತಣ್ಣೀರಿನಲ್ಲಿ ಕದಡಿ ಹಾಕಿದರೆ ಸಾಕು. ಇಲ್ಲಿ ಅಷ್ಟೇ ಇದೆ. ಮೊಟ್ಟೆ ದಾರದ ಎಳೆಯಂತೆ ತೆಳ್ಳಗೆ ಬಂದಿದೆ. ಅದಕ್ಕೆ ಸೂಪು ಮೊದಲು ಗಟ್ಟಿಯಾಗಿರಬೇಕು, ಒಲೆ ಸಣ್ಣಗಿರಬೇಕು, ಮೊಟ್ಟೆಯನ್ನು ಎತ್ತರದಿಂದ ಸಣ್ಣ ಧಾರೆಯಾಗಿ ಬಿಡಬೇಕು. ಮಂಚೌ ಸೂಪಿನ ಮೇಲೆ ಉದುರಿಸುವ ಕರಿದ ನೂಡಲ್ಸ್ ಮಾತ್ರ ಹಿಂದಿನ ದಿನದ್ದು, ಹಳೇ ಎಣ್ಣೆಯ ವಾಸನೆ ಇದೆ. ಸ್ವೀಟ್ ಕಾರ್ನ್ ಮಕ್ಕಳಿಗೆ ಅಡ್ಡಿಯಿಲ್ಲ.

ಗೋಬಿ ಮಂಚೂರಿಗಾಗಿಯೇ ಇಲ್ಲಿಗೆ ಬರುವವರು ತುಂಬ ಜನ, ಹಾಗಾಗಿ ಅದರ ಬಗ್ಗೆ ಬಿಡಿಸಿ ಹೇಳಬೇಕು. ಮಂಚೂರಿ ಎಂಬ ಪದಾರ್ಥ ಚೀನಾದಿಂದ ಬಂದದ್ದಲ್ಲ. ಕಲ್ಕತ್ತಾದ ಚೀನೀ ಕುಟುಂಬದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಕಾಯಿಮೆಣಸು ಹಾಕಿ, ಗರಂ ಮಸಾಲೆಯ ಬದಲು ಸೋಯಾ ಸಾಸ್ ಮತ್ತು ಕಾರ್ನ್‌ಫ್ಲೋರ್ ಸೇರಿಸಿ ಮಾಡಿದ ಕೋಳಿ ಪದಾರ್ಥ ಅದರ ಮೂಲ ಎನ್ನುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದ ಮೇಲೆ ಅದು ನಮ್ಮ ಸೀಮೆಯ ತಿಂಡಿಯೇ ಆಗಿಹೋಯಿತು. ಹಾಗಾಗಿ ಇದನ್ನು ಚೀನಾದ ಅಳತೆಗೋಲಿನಲ್ಲಿ ಅಳೆಯುವುದರಲ್ಲಿ ಅರ್ಥವಿಲ್ಲ. ಹೂವು ಬೆಂದಿದೆಯೇ, ಸಿಪ್ಪೆ ಗರಿಗರಿಯಾಗಿದೆಯೇ, ಸಾಸ್ ಹಿಡಿದಿದೆಯೇ ಎಂದು ನೋಡಿದರಾಯಿತು.

ಹೂಕೋಸನ್ನು ಉಪ್ಪು, ಅರಶಿನ ಹಾಕಿದ ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿಟ್ಟು ತೆಗೆಯುವುದು ಹುಳಕ್ಕಾಗಿ. ಅಲ್ಲಿಂದ ತೆಗೆದ ಮೇಲೆ ಬಟ್ಟೆಯ ಮೇಲೆ ಹರಡಿ ನೀರು ಪೂರ್ತಿ ಆರಿಸಬೇಕು. ಮೆತ್ತಗಿನ ಗೋಬಿಗೆ ಹತ್ತರಲ್ಲಿ ಎಂಟು ಸಲ ಈ ಹಂತವೇ ಕಾರಣ. ಹಿಟ್ಟಿನ ಅಳತೆ ಅರ್ಧ ಕಿಲೋ ಹೂವಿಗೆ ನಾಲ್ಕು ದೊಡ್ಡ ಚಮಚ ಮೈದಾ, ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್, ಶುಂಠಿ ಬೆಳ್ಳುಳ್ಳಿ ಅರೆದದ್ದು, ಉಪ್ಪು, ಮೆಣಸಿನ ಪುಡಿ, ಹೂವಿಗೆ ತೆಳ್ಳಗೆ ಹಿಡಿಯುವಷ್ಟು ಮಾತ್ರ ನೀರು. ಮೈದಾ ಹೆಚ್ಚಾದರೆ ಸಿಪ್ಪೆ ನಾರಿನ ಹಾಗೆ ಜಗಿಯಬೇಕಾಗುತ್ತದೆ, ಕಾರ್ನ್‌ಫ್ಲೋರ್ ಹೆಚ್ಚಾದರೆ ಗಾಜಿನ ಚೂರಿನ ಹಾಗೆ ಒಡೆಯುತ್ತದೆ. ಮೊದಲ ಸಲ 170 ಡಿಗ್ರಿಯಲ್ಲಿ ಹೂವು ಬೇಯುವ ತನಕ ಕರಿದು ತೆಗೆದು, ಆರ್ಡರ್ ಬಂದಾಗ 185–190 ಡಿಗ್ರಿಯ ಎಣ್ಣೆಯಲ್ಲಿ ಒಂದು ನಿಮಿಷ ಮತ್ತೆ ಕರಿಯಬೇಕು. ಮೊದಲ ಕರಿಯುವಿಕೆಯನ್ನು ಬೆಳಿಗ್ಗೆ ಮಾಡಿಡುವುದು ತಪ್ಪಲ್ಲ, ಎಲ್ಲ ಕಡೆಯೂ ಹಾಗೆಯೇ. ಎರಡನೆಯದನ್ನು ಬಿಟ್ಟು ನೇರವಾಗಿ ಸಾಸಿಗೆ ಹಾಕುವುದು ತಪ್ಪು. ಈ ಹೋಟೆಲಿನಲ್ಲಿ ಒಂದು ಗಂಟೆಯ ಮೊದಲು ಎರಡು ಸಲ ಕರಿದ ಗೋಬಿ ಬರುತ್ತದೆ, ಜನ ಹೆಚ್ಚಾದ ಮೇಲೆ ಎರಡನೆಯದು ತಪ್ಪಿಹೋಗುತ್ತದೆ. ಆರ್ಡರ್ ಕೊಡುವಾಗಲೇ ‘ಅಣ್ಣ, ಗೋಬಿ ಇನ್ನೊಂದು ಸಲ ಕರಿದೇ ಹಾಕಲಿಕ್ಕೆ ಹೇಳಿ, ತಡವಾದರೂ ಅಡ್ಡಿಯಿಲ್ಲ’ ಎಂದರೆ ಸಾಕು. ಮೇಜಿಗೆ ಬಂದ ಮೇಲೆ ಐದು ನಿಮಿಷದೊಳಗೆ ಮುಗಿಸಿ. ಹಾಗಾಗಿ ಗೋಬಿ ಡ್ರೈಯನ್ನು ಸೂಪಿನ ಒಟ್ಟಿಗೆ ಮೊದಲೇ ತರಿಸಿ, ಅನ್ನದ ಒಟ್ಟಿಗೆ ಬೇಡ. ಗೋಬಿ ಗ್ರೇವಿ ತರಿಸುವುದೇ ಬೇಡ.

ಬಣ್ಣದ ವಿಷಯ. 2024ರ ಮಾರ್ಚ್‌ನಲ್ಲಿ ತಲಪಾಡಿಯ ಆಚೆ, ಕರ್ನಾಟಕದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಮಾದರಿಗಳಲ್ಲಿ 107ರಲ್ಲಿ ಬಳಸಬಾರದ ಬಣ್ಣ ಸಿಕ್ಕಿತ್ತು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್ ಅದರಲ್ಲಿದ್ದ ಹೆಸರುಗಳು. ಇವು ಕೆಲವು ಮಿಠಾಯಿ, ಪಾನೀಯಗಳಿಗೆ ಮಿತಿಯೊಳಗೆ ಅನುಮತಿ ಇರುವ ಬಣ್ಣಗಳಾದರೂ ಗೋಬಿಗೆ ಹಾಕುವ ಹಾಗಿಲ್ಲ. ಗಡಿಯ ಈಚೆಗೂ ನಿಯಮ ಕೇಂದ್ರದ್ದೇ, ಬೇರೆಯಲ್ಲ. ಮೇಜಿನಲ್ಲೇ ನೋಡುವ ದಾರಿ ಉಂಟು. ಬ್ಯಾಡಗಿ ಅಥವಾ ಕಾಶ್ಮೀರಿ ಮೆಣಸಿನಿಂದ ಬಂದ ಕೆಂಪು ಸೋಯಾ ಸೇರಿದಾಗ ಇಟ್ಟಿಗೆಯ ಬಣ್ಣಕ್ಕೆ, ಕಂದಿಗೆ ತಿರುಗುತ್ತದೆ. ಬಣ್ಣ ಹಾಕಿದ್ದು ಸೋಯಾ ಬಿದ್ದರೂ ಹೊಳೆಯುವ ಕೆಂಪಾಗಿಯೇ ಉಳಿಯುತ್ತದೆ, ಬೆರಳಿಗೆ ಹಿಡಿದರೆ ಸಾಬೂನು ಹಾಕಿದರೂ ಬೇಗ ಹೋಗದು, ಒಂದು ತುಂಡನ್ನು ನೀರಿಗೆ ಹಾಕಿದರೆ ನೀರು ಕೂಡಲೇ ಕಿತ್ತಳೆಯಾಗುತ್ತದೆ. ಇದು ಲ್ಯಾಬಿನ ಪರೀಕ್ಷೆಯಲ್ಲ, ಅಂದಾಜು ಮಾತ್ರ. ಇಲ್ಲಿನ ಗೋಬಿ ಕಂದು ಬಣ್ಣದ್ದು, ನೀರಿನಲ್ಲಿ ಎಣ್ಣೆ ತೇಲಿತೇ ಹೊರತು ಬಣ್ಣ ಇಳಿಯಲಿಲ್ಲ. ನೋಡಲಿಕ್ಕೆ ಅಷ್ಟು ಆಕರ್ಷಕವಲ್ಲ ಎಂದು ಕೆಲವರು ಹೇಳುತ್ತಾರೆ. ನಮಗೆ ಆ ಕಂದೇ ಸಮಾಧಾನ.

ಚಿಲ್ಲಿ ಚಿಕನ್ ಎರಡು ಬಗೆಯಲ್ಲಿ ಸಿಗುತ್ತದೆ, ಮೂಳೆ ಇರುವುದು, ಇಲ್ಲದ್ದು. ಮೂಳೆಯಿಲ್ಲದ್ದು 190 ರೂಪಾಯಿ, ಮೂಳೆಯಿರುವುದು 20 ಕಡಿಮೆ. ಮೂಳೆಯಿಲ್ಲದ್ದನ್ನು ಇವರು ತೊಡೆಯ ಮಾಂಸದಲ್ಲಿ ಮಾಡುತ್ತಾರೆ, ಅದೇ ಇದರ ಗುಟ್ಟು. ಎದೆಯ ಮಾಂಸ ಕರಿದು ಮತ್ತೆ ಸಾಸಿನಲ್ಲಿ ಬೇಯಿಸುವಾಗ ಒಣಗಿ ನಾರಾಗುತ್ತದೆ. ತೊಡೆಯಲ್ಲಿ ಕೊಬ್ಬಿರುವುದರಿಂದ ತಡೆಯುತ್ತದೆ. ಮಾಂಸಕ್ಕೆ ಮೊಟ್ಟೆ, ಸೋಯಾ, ಒಳ್ಳೆಮೆಣಸು, ಕಾರ್ನ್‌ಫ್ಲೋರ್ ಹಚ್ಚಿ ಇಡುವುದು ಕನಿಷ್ಠ ಅರ್ಧ ಗಂಟೆ. ನೀರುಳ್ಳಿ, ಕ್ಯಾಪ್ಸಿಕಂ ಚೌಕವಾಗಿ ಕೊಯ್ದು ಜೋರು ಬೆಂಕಿಯಲ್ಲಿ ಮುಕ್ಕಾಲು ನಿಮಿಷ ಹಾರಿಸಿದ್ದು, ಅಂಚು ಸ್ವಲ್ಪ ಸುಟ್ಟಿದೆ, ನಡು ಹಸಿಯಾಗಿಯೇ ಇದೆ, ಹಾಗೆಯೇ ಇರಬೇಕು. ಕಾಯಿಮೆಣಸು ಸೀಳಿದ್ದು ಧಾರಾಳ. ಫ್ರೈಡ್ ರೈಸ್ ಒಟ್ಟಿಗೆ ಡ್ರೈ ಹೇಳಿ. ಪರೋಟ ಒಟ್ಟಿಗಾದರೆ ಗ್ರೇವಿ. ಚಿಲ್ಲಿ ಚಿಕನ್‌ಗೆ ಪರೋಟ ಎಂಬುದು ನಮ್ಮ ಕಡೆಯ ಜೋಡಿ, ಬೆಂಗಳೂರಿನಿಂದ ಬಂದವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಪರೋಟದ ಪದರಗಳ ನಡುವೆ ಆ ಹುಳಿ ಖಾರದ ಗಸಿ ಇಳಿದರೆ ಅನ್ನಕ್ಕಿಂತ ಎಷ್ಟೋ ಮೇಲು. ಪರೋಟ ಇಲ್ಲೇ ಹೊಡೆದು ಮಾಡಿದ್ದು, ಹನ್ನೆರಡೂಮುಕ್ಕಾಲಿಗೆ ಮೊದಲು ಬಿಸಿ ಸಿಗುವುದಿಲ್ಲ. ಬೀಫ್ ಚಿಲ್ಲಿ ಮೊದಲೇ ಕುಕ್ಕರಿನಲ್ಲಿ ಬೇಯಿಸಿಟ್ಟ ಮಾಂಸದಿಂದ ಆಗುವುದು, ಅಷ್ಟು ಮೃದುವಿಲ್ಲ.

ಆದರೆ ಈ ಹೋಟೆಲಿಗೆ ಹೋಗಿ ಕೋಳಿಯಷ್ಟೇ ತಿಂದು ಬರುವುದು ನಷ್ಟ. ಮೆನುವಿನ ಕೊನೆಯ ಪುಟದಲ್ಲಿ, ಹೆಚ್ಚಿನವರು ತಿರುವಿಯೇ ನೋಡದ ಕಡೆ, ಪೆಪ್ಪರ್ ಗಾರ್ಲಿಕ್ ಸ್ಕ್ವಿಡ್ ಇದೆ. ನಾವು ಬೊಂಡಾಸ್ ಎನ್ನುವುದು. ಇಲ್ಲಿ ಮಾಡುವ ಎಲ್ಲದರಲ್ಲೂ ಇದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಬೊಂಡಾಸನ್ನು ಸೀಳಿ ಹರಡಿ, ಒಳಮೈಗೆ ಚೂರಿಯ ತುದಿಯಿಂದ ಓರೆಯಾಗಿ ಹೆಣೆದ ಗೆರೆ ಎಳೆದು, ಎರಡು ಬೆರಳಗಲದ ತುಂಡು ಮಾಡುತ್ತಾರೆ. ಬಿಸಿಗೆ ಬಿದ್ದ ಕೂಡಲೇ ತುಂಡು ಸುರುಳಿಯಾಗಿ ಗೆರೆಗಳು ಹೊರಗೆ ಅರಳುತ್ತವೆ, ಬೆಳ್ಳುಳ್ಳಿ ಮೆಣಸು ಆ ಗೆರೆಗಳಲ್ಲಿ ಕೂರುತ್ತದೆ. ಬೊಂಡಾಸಿಗೆ ಒಂದು ನಿಮಿಷದ ಬೆಂಕಿ ಸಾಕು. ಎರಡು ಮೂರು ನಿಮಿಷ ಆಯಿತೋ, ರಬ್ಬರ್. ಅಲ್ಲಿಂದ ಮತ್ತೆ ಮೃದುವಾಗಬೇಕಾದರೆ ಅರ್ಧ ಗಂಟೆಗೂ ಮೇಲೆ ಬೇಯಿಸಬೇಕು, ನಡುವೆ ದಾರಿಯಿಲ್ಲ. ಹೀಗಾಗಿ ಇದು ಅಡುಗೆಯವರ ಕೈಗೆ ನೇರ ಪರೀಕ್ಷೆ, ಮತ್ತು ಮಾಡಿಡಲು ಆಗದ ಪದಾರ್ಥ. ಒಣ ಬಾಣಲೆಯಲ್ಲಿ ಹುರಿದು ದಪ್ಪಕ್ಕೆ ಕುಟ್ಟಿದ ಒಳ್ಳೆಮೆಣಸು ಹಾಕುತ್ತಾರೆ, ಬಾಟಲಿಯ ಪುಡಿಯಲ್ಲ. ಹಲ್ಲಿಗೆ ಸಿಗುತ್ತದೆ, ಮೂಗಿಗೂ ಏರುತ್ತದೆ. 240 ರೂಪಾಯಿ ಕೊಡಲು ಬೇಸರವಿಲ್ಲ.

ಒಂದೇ ಎಚ್ಚರ: ಮಳೆಗಾಲ. ಕೇರಳದಲ್ಲಿ ಪ್ರತಿವರ್ಷ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ, 52 ದಿನ, ಯಾಂತ್ರಿಕ ದೋಣಿಗಳ ಟ್ರಾಲಿಂಗ್ (ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಕರ್ನಾಟಕದಲ್ಲಿ ಜೂನ್ 1ರಿಂದಲೇ ಶುರು, ಹಾಗಾಗಿ ಮಂಗಳೂರಿನಿಂದಲೂ ಬರುವುದಿಲ್ಲ. ಆ ದಿನಗಳಲ್ಲಿ ಹೋಟೆಲುಗಳಲ್ಲಿ ಸಿಗುವ ಬೊಂಡಾಸು, ಸಿಗಡಿ ಬಹುಪಾಲು ಐಸಿನಲ್ಲಿ ಗಟ್ಟಿಗಟ್ಟಿದ್ದು. ಕರಗಿದ ಬೊಂಡಾಸು ಬಾಣಲೆಯಲ್ಲಿ ನೀರು ಬಿಡುತ್ತದೆ, ಅನ್ನಕ್ಕೆ ಆದದ್ದೇ ಇದಕ್ಕೂ ಆಗುತ್ತದೆ. ಆಗ ಕೋಳಿಗೆ ನಿಲ್ಲಿ. ಆಗಸ್ಟ್ ಎರಡನೇ ವಾರದಿಂದ ಮತ್ತೆ ಕೇಳಿ.

ಶೆಜ್ವಾನ್ ಎಂದು ಹೆಸರಿರುವ ಯಾವುದನ್ನೂ ಮಧ್ಯಾಹ್ನ ಹೇಳಬೇಡಿ. ಈ ಹೋಟೆಲಿನ ದೊಡ್ಡ ದೌರ್ಬಲ್ಯ ಅದು. ಶೆಜ್ವಾನ್ ಸಾಸ್ ಎಂದರೆ ಒಣಮೆಣಸನ್ನು ಬಿಸಿನೀರಿನಲ್ಲಿ ನೆನೆಸಿ ಅರೆದು, ಬೆಳ್ಳುಳ್ಳಿ ಶುಂಠಿಯನ್ನು ಧಾರಾಳ ಎಣ್ಣೆಯಲ್ಲಿ ಬಾಡಿಸಿ, ಎರಡನ್ನೂ ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಕುದಿಸಬೇಕು. ಅವಸರದಲ್ಲಿ ಇಳಿಸಿದರೆ ಮೆಣಸಿನ ಹಸಿ ವಾಸನೆ ಉಳಿಯುತ್ತದೆ, ಬೆಳ್ಳುಳ್ಳಿ ಎರಡು ದಿನದಲ್ಲಿ ಕಹಿಯಾಗುತ್ತದೆ. ಇಲ್ಲಿ ಎರಡೂ ಆಗಿದೆ, ಅದನ್ನು ಮುಚ್ಚಲು ಸಕ್ಕರೆ ಹೆಚ್ಚು ಸುರಿದಿದ್ದಾರೆ. ಚೀನಾದ ಸಿಚುವಾನ್ ಪ್ರಾಂತದ ಅಡುಗೆಗೆ ನಾಲಗೆ ಜುಮ್ಮೆನ್ನಿಸುವ ಗುಣ ಕೊಡುವ ಕಾಳು ನಮ್ಮೂರಿನ ಯಾವ ಚೈನೀಸ್ ಹೋಟೆಲಿನಲ್ಲೂ ಇರುವುದಿಲ್ಲ, ಇಲ್ಲೂ ಇಲ್ಲ. ಆದರೆ ಅದರದ್ದೇ ಕುಲದ ತೆಪ್ಪಳ ಇಲ್ಲಿನ ಕೊಂಕಣಿ ಮನೆಗಳಲ್ಲಿ ಬಂಗುಡೆ ಸಾರಿಗೆ ಬೀಳುತ್ತದೆ. ಸಿಪ್ಪೆಯನ್ನಷ್ಟೇ ಜಜ್ಜಿ, ಬೀಜ ಎಸೆದು, ಸಾಸ್ ಇಳಿಸುವಾಗ ನಾಲ್ಕೈದು ಕಾಯಿಯದ್ದು ಹಾಕಿದರೆ ನಿಜವಾದ ಶೆಜ್ವಾನಿಗೆ ಎಷ್ಟೋ ಹತ್ತಿರ ಹೋಗಬಹುದು. ಹೋಟೆಲಿನವರು ಇದನ್ನು ಒಮ್ಮೆ ಮಾಡಿನೋಡಬೇಕು ಎಂದು ನಮ್ಮ ಪ್ರಾಮಾಣಿಕ ಆಸೆ; ಮನೆಯಲ್ಲಿ ಮಾಡುವವರಿಗಂತೂ ಇಂದೇ ಸಾಧ್ಯ.

ಅಮೆರಿಕನ್ ಚಾಪ್ಸಿ ಒಂದು ಕಾಲದ ಹೆಸರುವಾಸಿ. ಈಗ ಕರಿದ ನೂಡಲ್ಸ್ ಹಳತು, ಸಾಸ್ ಬರೀ ಟೊಮೆಟೊ ಕೆಚಪ್. ಮೇಲಿನ ಮೊಟ್ಟೆ ಚೆನ್ನಾಗಿದೆ.

ಸಸ್ಯಾಹಾರಿಗಳು ತಿಳಿದಿರಬೇಕಾದ್ದು ಕೆಲವು ಇದೆ. ವೆಜ್ ಫ್ರೈಡ್ ರೈಸಿಗೂ ಚಿಕನ್ ಫ್ರೈಡ್ ರೈಸಿಗೂ ಬಾಣಲೆ ಒಂದೇ, ನಡುವೆ ನೀರು ಹಾಕಿ ಬಿದಿರಿನ ಬ್ರಷ್ಷಿನಲ್ಲಿ ಉಜ್ಜಿ ಒರೆಸುತ್ತಾರೆ. ಕರಿಯುವ ಎಣ್ಣೆ ಗೋಬಿಗೂ ಕೋಳಿಗೂ ಬೇರೆ ಬೇರೆ, ಕೇಳಿದ್ದಕ್ಕೆ ತೋರಿಸಿದರು. ವೆಜ್ ಸೂಪಿಗೆ ಕೋಳಿಯ ಸ್ಟಾಕ್ ಹಾಕುವುದಿಲ್ಲ ಎನ್ನುತ್ತಾರೆ, ಆದರೆ ಸೌಟು ಒಂದೇ. ನೂಡಲ್ಸಿನ ಪ್ಯಾಕೆಟ್ಟು ಮೊಟ್ಟೆಯದ್ದೋ ಅಲ್ಲವೋ ಎಂದು ಕೇಳಿಯೇ ತೆಗೆದುಕೊಳ್ಳಿ, ಎರಡೂ ಬಗೆ ಬಳಕೆಯಲ್ಲಿದೆ. ಕಟ್ಟುನಿಟ್ಟಿನವರಿಗೆ ಈ ಹೋಟೆಲ್ ಹೇಳಿದ್ದಲ್ಲ. ಅಷ್ಟು ಕಟ್ಟುನಿಟ್ಟು ಇಲ್ಲದವರು ಮಶ್ರೂಮ್ ಪೆಪ್ಪರ್ ಡ್ರೈ ಹೇಳಬಹುದು, ಅದೂ ಆಗಿಂದಾಗ ಆಗುವುದೇ.

ಅಜಿನೊಮೊಟೊ ಬೇಡ ಎನ್ನುವವರು ಇನ್ನೊಂದು ತಿಳಿದಿರಬೇಕು. ಆರ್ಡರ್ ಕೊಡುವಾಗ ಹೇಳಿದರೆ ಬಾಣಲೆಗೆ ಹಾಕುವ ಚಿಟಿಕೆ ತಪ್ಪುತ್ತದೆ ಅಷ್ಟೆ. ಕೋಳಿಗೆ ಹಚ್ಚಿದ ಮಸಾಲೆಯಲ್ಲಿ, ಬೆಳಿಗ್ಗೆ ಮಾಡಿಟ್ಟ ಸಾಸಿನಲ್ಲಿ ಮೊದಲೇ ಬಿದ್ದಿರುತ್ತದೆ. ಪೂರ್ತಿ ತಪ್ಪಿಸಬೇಕಾದರೆ ಮೊಟ್ಟೆ ಫ್ರೈಡ್ ರೈಸ್, ಮಶ್ರೂಮ್, ಬೊಂಡಾಸು, ಇಷ್ಟರಲ್ಲೇ ಆರಿಸಿಕೊಳ್ಳಿ. ಅಜಿನೊಮೊಟೊ ಎಂದರೆ ಜಪಾನಿನ ಕಿಕುನೆ ಇಕೆದಾ 1908ರಲ್ಲಿ ಕಡಲ ಪಾಚಿಯಿಂದ ಬೇರ್ಪಡಿಸಿದ ಗ್ಲುಟಮೇಟಿನ ಉಪ್ಪು. ಟೊಮೆಟೊದಲ್ಲೂ ಗ್ಲುಟಮೇಟ್ ಇದ್ದದ್ದೇ. ಕಾನೂನಿನ ಅನುಮತಿ ಇದೆ, ಒಂದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬೇಡ. ನಮ್ಮ ತಕರಾರು ಬೇರೆ: ಅದನ್ನು ಕೈತುಂಬ ಹಾಕಿದಲ್ಲಿ ಉಪ್ಪೂ ಹೆಚ್ಚು ಬೀಳುತ್ತದೆ. ಇಲ್ಲಿ ಸೂಪು ಬಿಟ್ಟರೆ ಉಪ್ಪು ಹದದಲ್ಲಿದೆ.

ಇಬ್ಬರು ಹೋದರೆ ಒಂದು ಹಾಟ್ ಆಂಡ್ ಸೋರ್ ಹಂಚಿ, ಗೋಬಿ ಡ್ರೈ ಹಾಫ್, ಒಂದು ಫುಲ್ ಮೊಟ್ಟೆ ಫ್ರೈಡ್ ರೈಸ್, ಒಂದು ಬೊಂಡಾಸು. 600 ರೂಪಾಯಿ ಹತ್ತಿರ ಆಗುತ್ತದೆ, ಹೊಟ್ಟೆ ತುಂಬುತ್ತದೆ. ನಾಲ್ಕು ಜನಕ್ಕೆ ಎರಡು ಬೇರೆ ಬೇರೆ ಫ್ರೈಡ್ ರೈಸ್ ಹೇಳಿದರೆ ಎರಡು ಸಲ ಬೇರೆಯಾಗಿ ಆಗುತ್ತದೆ. ಒಂದೇ ಬಗೆ ಎರಡು ಹೇಳಿದರೆ ಒಟ್ಟಿಗೆ ಹಾಕಿಬಿಡುತ್ತಾರೆ. ಕುಡಿಯಲು ಪತಿಮುಗ ಎಂಬ ಕೆಂಪು ಮರದ ಚಕ್ಕೆ ಹಾಕಿ ಕುದಿಸಿದ ಬಿಸಿನೀರು ಕೊಡುತ್ತಾರೆ, ಎಣ್ಣೆ ಪದಾರ್ಥದ ಒಟ್ಟಿಗೆ ಅದೇ ಒಳ್ಳೆಯದು. ಬಿಲ್ಲಿನಲ್ಲಿ ಜಿಎಸ್‌ಟಿ ಶೇ. 5 ಬರುತ್ತದೆ, ಸರ್ವಿಸ್ ಚಾರ್ಜ್ ಹಾಕುವುದಿಲ್ಲ.

ಶುಕ್ರವಾರ ಜುಮಾ ನಮಾಜಿನ ಹೊತ್ತಿಗೆ ಅಡುಗೆಮನೆ ಅರ್ಧ ನಿಂತಿರುತ್ತದೆ, ನಮಾಜು ಬಿಟ್ಟ ಕೂಡಲೇ ಜನ ಒಟ್ಟಿಗೆ ಬರುತ್ತಾರೆ. ಆ ದಿನ ಹನ್ನೆರಡಕ್ಕೇ ಹೋಗಿ, ಇಲ್ಲವಾದರೆ ಎರಡೂವರೆ ಕಳೆದು. ರಂಜಾನ್ ತಿಂಗಳಲ್ಲಿ ಹಗಲು ಮುಚ್ಚಿರುತ್ತದೆ. ಕಾರಿನಲ್ಲಿ ಬರುವವರು ಓಣಿಯೊಳಗೆ ತರುವ ಯೋಚನೆ ಬಿಡಿ. ಮುಖ್ಯ ರಸ್ತೆಯಲ್ಲೇ ಎಲ್ಲಾದರೂ ಜಾಗ ನೋಡಿ ನಿಲ್ಲಿಸಿ ನಡೆದು ಬನ್ನಿ.

ಪಾರ್ಸೆಲ್ ಕಟ್ಟಿಸಿಕೊಳ್ಳುವುದಾದರೆ ಫ್ರೈಡ್ ರೈಸ್ ಮತ್ತು ಚಿಲ್ಲಿ ಗ್ರೇವಿ ಮಾತ್ರ. ಬಿಸಿ ಡಬ್ಬಿಯೊಳಗಿನ ಆವಿಗೆ ಕರಿದದ್ದೆಲ್ಲ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಬೊಂಡಾಸಂತೂ ಅದೇ ಬಿಸಿಯಲ್ಲಿ ಬೇಯುತ್ತಲೇ ಹೋಗುತ್ತದೆ. ಪಾರ್ಸೆಲ್ ಮೇಲೆ ತಯಾರಿಸಿದ ದಿನ, ಹೊತ್ತು, ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಚೀಟಿ ಅಂಟಿಸುವುದು ಕೇರಳದಲ್ಲಿ 2023ರ ಜನವರಿಯಿಂದ ಕಡ್ಡಾಯ. ಅದಕ್ಕೆ ಹಿಂದಿನ ವರ್ಷ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬ ವಿದ್ಯಾರ್ಥಿನಿ ತೀರಿಕೊಂಡದ್ದನ್ನು ಮರೆತವರಿಲ್ಲ. ಇಲ್ಲಿ ಚೀಟಿ ಇರುತ್ತದೆ, ಆದರೆ ಜನ ಹೆಚ್ಚಿದ್ದಾಗ ಹೊತ್ತು ಬರೆಯುವುದನ್ನು ಬಿಟ್ಟುಬಿಡುತ್ತಾರೆ. ಕೌಂಟರಿನಲ್ಲೇ ಕೇಳಿ ಬರೆಸಿಕೊಳ್ಳಿ, ಮನೆ ದೂರವಿದ್ದರೆ ಅನ್ನ ಮತ್ತು ಗ್ರೇವಿಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಕಟ್ಟಲು ಹೇಳಿ.